ಕಲಶದ ಕಾಸಿಗೆ ನಾನು ಮಾಡಿದ ಇನ್ಸ್‌ಪೆಕ್ಷನ್

ನನಗೆ ಸುಮ್ಮಸುಮ್ಮನೆ ಕೋಪ ಬರುವುದಿಲ್ಲ. ತಪ್ಪು ಕಂಡರೆ ಮಾತ್ರ ಬರುತ್ತದೆ. ಸುತ್ತಮುತ್ತಲಿನವರೆಲ್ಲ ಎದ್ದಾಗಿನಿಂದ ಮಲಗುವವರೆಗೆ ತಪ್ಪನ್ನೇ ಮಾಡುತ್ತಿದ್ದರೆ ಅದಕ್ಕೆ ನಾನು ಹೊಣೆಯೇ? ಆದರೂ ನಮ್ಮ ವಿಜಯನಗರದ ರಸ್ತೆಯಲ್ಲಿ ನನಗೆ ‘ಸಿಡುಕಪ್ಪ’ ಎಂದು ಹೆಸರಿಟ್ಟಿದ್ದಾರಂತೆ. ಇದನ್ನು ನನಗೆ ಹೇಳಿದವಳು ನನ್ನ ಹೆಂಡತಿ ಗಿರಿಜ. ಹೇಳುವಾಗ ನಗುತ್ತಿದ್ದಳು. ಅದಕ್ಕೂ ನನಗೆ ಕೋಪ ಬಂತು.

ನನ್ನ ಉದ್ಯೋಗವೇ ತಪ್ಪು ಹುಡುಕುವುದು. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಶಾಪ್ ಇದೆ. ನಮ್ಮದು ಎಂದರೆ ಮಾಲೀಕರದು. ನಾನು ಅಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರು. ಮೋಟಾರು, ಪಂಪ್‌ಸೆಟ್ಟುಗಳ ಮೇಲೆ ಕಂಪನಿಯ ಹೆಸರಿರುವ ಪುಟ್ಟ ಪ್ಲೇಟೊಂದು ಕೂತಿರುತ್ತದಲ್ಲ, ಅದನ್ನು ಮಾಡುವವರು ನಾವು. ಅಕ್ಷರ ಕೊರೆದ ಉಕ್ಕಿನ ಅಚ್ಚಿಗೆ ಡೈ ಎನ್ನುತ್ತೇವೆ. ತಗಡು ಇಟ್ಟು ಮೇಲಿಂದ ಪ್ರೆಸ್ಸು ಧಡ್ ಎಂದು ಬಡಿದರೆ ಅಕ್ಷರ ಮೂಡಬೇಕು. ಡೈಯ ಬೋಲ್ಟು ಸಡಿಲವಾಗಿದ್ದರೆ ಬಡಿಯುವಾಗ ಅದು ಕೂದಲೆಳೆಯಷ್ಟು ಅಲ್ಲಾಡಿ, ಅಕ್ಷರದ ಪಕ್ಕ ಇನ್ನೊಂದು ಅಕ್ಷರದ ನೆರಳು ಬೀಳುತ್ತದೆ. ಅದೇ ಡಬಲ್. ಡಬಲ್ ಕಂಡರೆ ಮೊದಲು ಪ್ಲೇಟನ್ನು ಸ್ಕ್ರ್ಯಾಪ್ ಡಬ್ಬಕ್ಕೆ ಎಸೆಯುತ್ತೇನೆ, ಆಮೇಲೆ ಪ್ರೆಸ್ಸಿನ ಮುಂದೆ ನಿಂತಿರುವವನಿಗೆ ಬೈಯುತ್ತೇನೆ. ಎರಡರಲ್ಲೂ ನನಗೆ ಒಳ್ಳೆಯ ಹೆಸರಿದೆ.

ಹೀಗಿರುವಾಗ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಭಾನುವಾರ ಗಿರಿಜಳ ತಮ್ಮ ಮಂಜ ಶ್ರೀಗಂಧದ ಕಾವಲು ಬಡಾವಣೆಯ ತನ್ನ ಮನೆಯಿಂದ ಬಂದ. ಇವನು ಬಂದಾಗಲೆಲ್ಲ ತಿಂಡಿ ತಿನ್ನುತ್ತಾನೆ, ಮೊಬೈಲಿನಲ್ಲಿ ತಾನು ನೋಡಿದ ವಿಡಿಯೋಗಳನ್ನು ನಮಗೂ ತೋರಿಸುತ್ತಾನೆ, ನಮ್ಮ ಜ್ಞಾನವನ್ನು ಹೆಚ್ಚಿಸಿ ಹೊರಟುಹೋಗುತ್ತಾನೆ. ಅವತ್ತು ನಾನು ಎರಡನೇ ದೋಸೆಗೆ ಕೈಹಾಕುವಷ್ಟರಲ್ಲಿ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದ.

“ಭಾವ, ಇಲ್ನೋಡಿ. ಹಳೇ ಕಾಸಲ್ಲಿ ಅಕ್ಷರ ಡಬಲ್ ಬಿದ್ದಿದ್ರೆ ಭಾರಿ ರೇಟಂತೆ.”

“ಡಬಲ್ ಬಿದ್ದಿದ್ರೆ ರಿಜೆಕ್ಟ್ ಕಣೋ.”

“ರಿಜೆಕ್ಟ್ ಆಗಿರೋದಕ್ಕೇ ರೇಟು ಭಾವ! ಸರಿಯಾಗಿರೋದನ್ನ ಯಾರೂ ಮೂಸಿ ನೋಡಲ್ಲ.”

ನನ್ನ ಪಿತ್ತ ನೆತ್ತಿಗೇರಿತು. ಇದೇನು ನ್ಯಾಯ? ಸರಿಯಾಗಿ ಕೆಲಸ ಮಾಡಿದವನಿಗೆ ತಿಂಗಳ ಸಂಬಳ. ಕುಡಿದು ಬಂದವನಂತೆ ಸೊಟ್ಟಗೆ ಬಡಿಸಿಕೊಂಡ ಕಾಸಿಗೆ ಲಕ್ಷ! ಹಾಗಾದರೆ ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡು ಬೈದು ಸ್ಕ್ರ್ಯಾಪಿಗೆ ಹಾಕಿದ ಪ್ಲೇಟುಗಳೆಲ್ಲ ಏನು, ನಿಧಿಯೇ? ಮೊಬೈಲಿನೊಳಗೆ ಒಬ್ಬ ಆಸಾಮಿ ಕಾಸನ್ನು ಬೆರಳ ತುದಿಯಲ್ಲಿ ಹಿಡಿದು “ನಿಮ್ಮ ಮನೆಯಲ್ಲೇ ಇರಬಹುದು ಅದೃಷ್ಟ, ಇಂದೇ ಹುಡುಕಿ” ಎನ್ನುತ್ತಿದ್ದ. ಅವನು ಕೈಗೆ ಸಿಕ್ಕಿದ್ದರೆ ಅವತ್ತೇ ಅವನನ್ನು ಡಬಲ್ ಮಾಡುತ್ತಿದ್ದೆ.

“ಡೈ ವಿಷ್ಯ ನಂಗೆ ಹೇಳ್ಬೇಡ ಮಂಜ. ಇವರಿಗೆಲ್ಲ ಡಬಲ್ ಅಂದ್ರೆ ಏನು ಗೊತ್ತು? ಒಂದು ಕಾಸು ತಗೊಂಬಾ, ನೋಡಿದ ತಕ್ಷಣ ಹೇಳ್ತೀನಿ” ಎಂದು ಗುಡುಗಿದೆ.

ಗುಡುಗಬಾರದಿತ್ತು. ಒಳಗೆ ಹೂಬತ್ತಿ ಹೊಸೆಯುತ್ತಿದ್ದ ನಮ್ಮತ್ತೆಗೆ ಕೇಳಿಸಿತು. ಅತ್ತೆ ನಮ್ಮ ಜೊತೆಗೇ ಇರುವುದು. ವಯಸ್ಸಾಗಿದೆ, ಕಣ್ಣು ಮಂಜಾಗಿದೆ, ಆದರೆ ಕಿವಿ ಅಡುಗೆಮನೆಯಿಂದ ಗೇಟಿನವರೆಗೆ ಕೆಲಸ ಮಾಡುತ್ತದೆ.

“ಗಿರಿಜಾ, ನನ್ನ ಕಲಶದ ಕಾಸಲ್ಲೂ ಹಂಗೇ ಇದೆಯಲ್ವೇನೇ? ಒಂದರ ಪಕ್ಕ ಒಂದು ಬಿದ್ದಿರೋದು?”

ಮಂಜ ತಟ್ಟೆ ಬಿಟ್ಟು ಎದ್ದ. ದೇವರ ಗೂಡಿನಿಂದ ಹಿತ್ತಾಳೆ ಡಬ್ಬಿ ಬಂತು. ಅದರೊಳಗೆ ಬ್ರಿಟಿಷರ ಕಾಲದ ತಾಮ್ರದ ಕಾಲಾಣೆ. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರ. ಎಷ್ಟೋ ವರ್ಷಗಳ ಅರಿಶಿನ ಕುಂಕುಮ ಸಂದುಗೊಂದಿನಲ್ಲೆಲ್ಲ ಮೆತ್ತಿಕೊಂಡು ರಾಜನೂ ಮುತ್ತೈದೆಯಂತೆ ಕಾಣುತ್ತಿದ್ದ. ತಿರುಗಿಸಿ ನೋಡಿದೆ. ಹೌದು, ಅಕ್ಷರಗಳು ಎರಡೆರಡು!

ಅತ್ತೆ ಕಾಸನ್ನು ನನ್ನ ಅಂಗೈಗೆ ಹಾಕುವ ಮುಂಚೆ ಒಂದು ಕ್ಷಣ ತಡೆದರು.

“ಅಳಿಯಂದ್ರೇ, ನೋಡಿ ಕೊಟ್ಬಿಡಿ. ನಮ್ಮಮ್ಮ ಮಡಿಲಕ್ಕಿ ಜೊತೆ ಹಾಕಿದ್ದು ಇದು. ಇದಿಲ್ದೆ ನಾನು ಒಂದು ವರ್ಷಾನೂ ಕಲಶ ಕೂರ್ಸಿಲ್ಲ. ಗುರುವಾರ ಸಾಯಂಕಾಲಕ್ಕೆ ಬೇಕು.”

“ಅತ್ತೆ, ನನ್ನ ಕೈಗೆ ಬಂದ ಪೀಸು ಇವತ್ತಿನವರೆಗೆ ಒಂದೂ ಹಾಳಾಗಿಲ್ಲ” ಎಂದೆ.

ಅದು ನಿಜವೇ. ಬೇರೆಯವರು ಹಾಳುಮಾಡಿದ ಮೇಲಷ್ಟೇ ಅವು ನನ್ನ ಕೈಗೆ ಬರುವುದು.

ಮಂಜ ಹೋದ ಮೇಲೆ ಫ್ಯಾಕ್ಟರಿಯ ಲೆನ್ಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕಿಟಕಿಯ ಬೆಳಕಿಗೆ ಕೂತೆ. ಓದುಗರ ಲಾಭಕ್ಕಾಗಿ ಇಲ್ಲಿ ಸ್ವಲ್ಪ ವಿದ್ಯೆಯನ್ನು ಧಾರೆ ಎರೆಯುತ್ತೇನೆ. ಡಬಲ್‌ನಲ್ಲಿ ಎರಡು ಜಾತಿ. ಒಂದು, ಡೈ ತಯಾರಿಸುವಾಗಲೇ ಅದರಲ್ಲಿ ಅಕ್ಷರ ಎರಡು ಸಲ ಒತ್ತಿಹೋಗಿರುವುದು. ಆಗ ಕಾಸಿನ ಮೇಲೆ ಎರಡು ಅಕ್ಷರವೂ ದುಂಡಗೆ ಉಬ್ಬಿ ನಿಂತಿರುತ್ತವೆ, ಮೂಲೆಗಳಲ್ಲಿ ಸೀಳು ಕಾಣುತ್ತದೆ, ಆ ಡೈಯಿಂದ ಬಂದ ಪ್ರತಿ ಕಾಸಿನ ಮೇಲೂ ಅದೇ ತಪ್ಪು ಇರುತ್ತದೆ. ಇದಕ್ಕೆ ನಾಣ್ಯದ ಹುಚ್ಚಿನವರು ಬಾಯಿಬಾಯಿ ಬಿಡುತ್ತಾರೆ. ಇನ್ನೊಂದು, ಡೈ ಸರಿಯಾಗಿಯೇ ಇದ್ದು, ಬಡಿಯುವ ಹೊತ್ತಿಗೆ ಅಲ್ಲಾಡಿರುವುದು. ಆಗ ಅಕ್ಷರದ ಒಂದು ಮಗ್ಗುಲು ತಳ್ಳಿಸಿಕೊಂಡು ಚಪ್ಪಟೆ ಮೆಟ್ಟಿಲಿನಂತಾಗುತ್ತದೆ, ಅಕ್ಷರವೇ ಸಣಕಲಾಗುತ್ತದೆ. ಇದು ಬೋಲ್ಟು ಸಡಿಲ. ಇದಕ್ಕೆ ಚಿಕ್ಕಾಸಿನ ಬೆಲೆಯಿಲ್ಲ.

ಅತ್ತೆಯ ಕಾಸು ಯಾವ ಜಾತಿ? ಕುಂಕುಮ ಬಿಟ್ಟುಕೊಡಲಿಲ್ಲ. ಮೆಟ್ಟಿಲು ಇದ್ದರೂ ಅದರ ಮೇಲೆ ಕುಂಕುಮ ತುಂಬಿಕೊಂಡು ದುಂಡಗೆ ಕಾಣುತ್ತಿತ್ತು. ಇನ್ಸ್‌ಪೆಕ್ಷನ್ನಿನ ಮೊದಲ ಪಾಠವೆಂದರೆ ಪೀಸನ್ನು ಶುಚಿ ಮಾಡುವುದು. ಅಡುಗೆಮನೆಗೆ ಹೋಗಿ ಹುಣಸೆಹಣ್ಣು, ಉಪ್ಪು ತೆಗೆದೆ.

“ರೀ, ಏನ್ಮಾಡ್ತಿದೀರಾ?” ಎಂದಳು ಗಿರಿಜ. “ಅಮ್ಮ ಅದನ್ನ ಉಜ್ಜಲ್ಲ. ಬರೀ ನೀರಲ್ಲಿ ಅದ್ದಿ ತೆಗೀತಾರೆ.”

“ಅದಕ್ಕೇ ಇಷ್ಟು ಕೊಳಕಾಗಿರೋದು. ನೀನು ಸುಮ್ನಿರೇ.”

ಉಜ್ಜಿದೆ. ಕಾಸು ಈಗ ತಾನೇ ಟಂಕಸಾಲೆಯಿಂದ ಬಿಸಿಬಿಸಿಯಾಗಿ ಇಳಿದಂತೆ ಫಳಫಳ ಹೊಳೆಯಿತು. ನನಗೆ ಪರಮಾನಂದವಾಯಿತು. ಕೈ ಒರೆಸಿಕೊಳ್ಳುವಷ್ಟರಲ್ಲಿ ಮಂಜನ ಫೋನು.

“ಭಾವ, ಒಂದ್ ಮಾತು ಹೇಳೋದು ಮರ್ತೆ. ಕಾಸನ್ನ ಯಾವ ಕಾರಣಕ್ಕೂ ತೊಳೀಬೇಡಿ. ತೊಳೆದ್ರೆ ರೇಟು ಬಿದ್ದೋಗುತ್ತಂತೆ.”

“ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ?”

“ಅದು ವಿಡಿಯೋದ ಕೊನೇಲಿ ಬರುತ್ತೆ ಭಾವ. ನಾನು ಈಗ ಪೂರ್ತಿ ನೋಡ್ದೆ.”

ಫೋನನ್ನು ಸೋಫಾದ ಮೇಲೆ ಎಸೆದೆ. ಸೋಫಾದ ಮೇಲೆ ಯಾಕೆಂದರೆ ಕೋಪ ಎಷ್ಟೇ ಇದ್ದರೂ ಫೋನು ನನ್ನದು.

ಸೋಮವಾರ ಸಂಜೆ ಕೆಲಸ ಮುಗಿಸಿಕೊಂಡು ರಾಜಾಜಿನಗರದಲ್ಲೇ ಒಂದು ಮಹಡಿಯ ಮೇಲಿರುವ ಹಳೇ ನಾಣ್ಯದ ಅಂಗಡಿಗೆ ಹೋದೆ. ಅಂಗಡಿಯವರು ಕನ್ನಡಕದ ಸಣಕಲು ಮನುಷ್ಯ. ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಡದೆ, ಇನ್ನೊಂದು ಕೈಯಲ್ಲಿ ನನ್ನ ಕಾಸು ತೆಗೆದುಕೊಂಡು, ಒಂದು ಗುಟುಕಿಗೂ ಇನ್ನೊಂದು ಗುಟುಕಿಗೂ ನಡುವೆ ತೀರ್ಪು ಕೊಟ್ಟರು.

“ಹೊಡೆಯೋವಾಗ ಅಲ್ಲಾಡಿರೋದು ಸಾರ್. ಮೆಟ್ಟಿಲು ಥರ ಇದೆ ನೋಡಿ. ಬೆಲೆ ಇಲ್ಲ. ತೊಳೆದಿದೀರ ಬೇರೆ.”

ಈಗ ಒಂದು ಸತ್ಯ ಹೇಳುತ್ತೇನೆ. ಹುಣಸೆಹಣ್ಣು ಉಜ್ಜಿದ ಮೇಲೆ ಆ ಮೆಟ್ಟಿಲು ನನಗೂ ಕಂಡಿತ್ತು. ಅದೇ ಒಂದು ಪಂಪ್‌ಸೆಟ್ ಪ್ಲೇಟಿನಲ್ಲಿ ಕಂಡಿದ್ದರೆ ಕಾಫಿ ಲೋಟ ಎತ್ತುವ ಮೊದಲೇ ರಿಜೆಕ್ಟ್ ಎಂದಿರುತ್ತಿದ್ದೆ. ಆದರೆ ಬೇರೆಯವರ ಪೀಸನ್ನು ನಾನು ರಿಜೆಕ್ಟ್ ಮಾಡುವುದು ಬೇರೆ, ನನ್ನ ಪೀಸನ್ನು ಇನ್ನೊಬ್ಬ ರಿಜೆಕ್ಟ್ ಮಾಡುವುದು ಬೇರೆ! ಮೈಯೆಲ್ಲ ಉರಿದುಹೋಯಿತು.

“ಏನ್ರೀ, ಡೈ ಅಂದ್ರೆ ಏನು ಅಂತ ಗೊತ್ತೇನ್ರೀ ನಿಮಗೆ? ಒಂದು ದಿನವಾದ್ರೂ ಪ್ರೆಸ್ಸಿನ ಮುಂದೆ ನಿಂತಿದೀರಾ?”

“ಇಲ್ಲ ಸಾರ್.”

“ನಾನು ನಿಂತಿದೀನಿ! ಇದು ಡೈಯಲ್ಲೇ ಇರೋ ತಪ್ಪು. ಬರ್ಕೊಡ್ಲಾ?”

ಅವರು ಕಾಫಿ ಮುಗಿಸಿ ನಿಧಾನವಾಗಿ ಲೋಟ ಇಟ್ಟರು. “ಡೈಯಲ್ಲೇ ತಪ್ಪಿದ್ರೆ ಒಂದೇ ಕಾಸಲ್ಲಿ ಯಾಕಿರುತ್ತೆ ಸಾರ್? ಇದೇ ವರ್ಷದ್ದು, ಇದೇ ಥರ ಡಬಲ್ ಇರೋದು ಇನ್ನೊಂದು ತಂದು ತೋರ್ಸಿ. ಒಪ್ಕೊಳ್ತೀನಿ.”

“ತರ್ತೀನಿ!” ಎಂದು ಮೆಟ್ಟಿಲಿಳಿದೆ. ಕೆಳಗೆ ಬಂದ ಮೇಲೆ ನೋಡಿದರೆ ಲೆನ್ಸು ಅವರ ಟೇಬಲ್ಲಿನ ಮೇಲೇ ಬಿಟ್ಟು ಬಂದಿದ್ದೆ. ಮತ್ತೆ ಹತ್ತಿ ಹೋಗಿ, ಮುಖ ಊದಿಸಿಕೊಂಡೇ ಅದನ್ನು ತೆಗೆದುಕೊಂಡು ಬಂದೆ. ಕೋಪದಲ್ಲಿ ಹೊರಟ ಮನುಷ್ಯ ವಾಪಸು ಹೋಗಬೇಕಾಗಿ ಬರುವಷ್ಟು ಅವಮಾನ ಮತ್ತೊಂದಿಲ್ಲ.

ಕಾಸು ಎಲ್ಲಿಂದ ತರುವುದು? ಯೋಚಿಸಿದಾಗ ಹೊಳೆಯಿತು. ಹಬ್ಬದ ವಾರ! ಪ್ರತಿ ಮನೆಯ ದೇವರ ಡಬ್ಬಿಯಲ್ಲೂ ಇಂಥ ಹಳೇ ಕಾಸು ಒಂದಾದರೂ ಇರುತ್ತದೆ. ಮಂಗಳವಾರ ಬೆಳಗ್ಗೆ ಮೇಲಿನ ಮನೆಯ ಸರೋಜಮ್ಮನವರನ್ನು ಮೆಟ್ಟಿಲಲ್ಲೇ ತಡೆದು ವಿಷಯ ಹೇಳಿದೆ, ಯಾರಿಗೂ ಹೇಳಬೇಡಿ ಎಂದೂ ಹೇಳಿದೆ. ಬುಧವಾರ ಸಂಜೆ ನಾನು ಫ್ಯಾಕ್ಟರಿಯಿಂದ ಬಂದಾಗ ನಮ್ಮ ಮನೆಯ ಮುಂದಿನ ಜಗಲಿಯಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಮುಷ್ಟಿಯಲ್ಲೂ ಕಾಸು. ಗಿರಿಜ ಎಲ್ಲರಿಗೂ ಕಾಫಿ ಕೊಡುತ್ತಾ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು.

ಶರಟು ಬದಲಾಯಿಸದೆ ಕೆಲಸಕ್ಕೆ ಕೂತೆ. ಒಂದು ಸ್ಟೀಲ್ ತಟ್ಟೆ ತರಿಸಿದೆ. ಎಲ್ಲರ ಕಾಸನ್ನೂ ಅದರಲ್ಲಿ ಹಾಕಿಸಿ, ಅತ್ತೆಯ ಕಾಸನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸತೊಡಗಿದೆ.

“ಇದು ಸವೆದಿದೆ. ರಿಜೆಕ್ಟ್. ಇದರಲ್ಲಿ ಡಬಲ್ ಇಲ್ಲ. ರಿಜೆಕ್ಟ್. ಇದು ಕಾಸೇ ಅಲ್ಲ, ಹಳೇ ಬಿಲ್ಲೆ. ಯಾರ್ರೀ ತಂದಿದ್ದು ಇದನ್ನ?”

“ನಮ್ಮತ್ತೆ ತಿರುಪ್ತಿಯಿಂದ ತಂದಿದ್ದು ಕಣ್ರೀ, ನಮ್ಮ ಕಾಲಾಣೆ ಜೊತೇಲಿತ್ತು” ಎಂದರು ಸರೋಜಮ್ಮ.

“ಎಲ್ಲಿಂದ ತಂದ್ರೂ ಅಷ್ಟೇ. ರಿಜೆಕ್ಟ್!”

“ಹಬ್ಬದ ಹೊತ್ತಲ್ಲಿ ಲಕ್ಷ್ಮೀನ ರಿಜೆಕ್ಟ್ ಅಂತೀರಲ್ರೀ! ಬಾಯಲ್ಲಿ ಒಳ್ಳೇ ಮಾತು ಬರಲ್ವಾ ನಿಮಗೆ?”

“ಲೆನ್ಸಲ್ಲಿ ಕಂಡಿದ್ದು ಬಾಯಲ್ಲಿ ಬರುತ್ತೆ ಸರೋಜಮ್ಮನೋರೇ!”

ಜಗಲಿಯಲ್ಲಿ ಗದ್ದಲ ಶುರುವಾಯಿತು. ನಮ್ಮ ಕಾಸು ಕೊಡಿ, ನಮ್ಮ ಕಾಸು ಕೊಡಿ ಎಂದು ಎಲ್ಲರ ಕೈಯೂ ತಟ್ಟೆಗೆ ಬಂತು. ತಟ್ಟೆಯಲ್ಲಿದ್ದ ಒಂದಷ್ಟು ತಾಮ್ರದ ಕಾಲಾಣೆಗಳೆಲ್ಲ ಒಂದೇ ರಾಜನವು. ಹಬ್ಬಕ್ಕೆಂದು ಕೆಲವರು ತಮ್ಮದನ್ನೂ ಉಜ್ಜಿ ಬೆಳಗಿಕೊಂಡು ಬಂದಿದ್ದರು. ನಾನು ಒಂದನ್ನೆತ್ತಿ ಸರೋಜಮ್ಮನವರ ಕೈಗಿಟ್ಟೆ. ಅವರು ಸೆರಗಿಗೆ ಗಂಟು ಹಾಕಿಕೊಂಡರು. ಆಮೇಲೆ ನೋಡಿಕೊಂಡರೆ ನನ್ನ ಪಕ್ಕದಲ್ಲಿ ಅತ್ತೆಯ ಕಾಸಿಲ್ಲ! ಮೆಟ್ಟಿಲು ಹತ್ತುತ್ತಿದ್ದವರನ್ನು ನಿಲ್ಲಿಸಿ, ಗಂಟು ಬಿಚ್ಚಿಸಿ, ಲೆನ್ಸು ಹಿಡಿದು, ಡಬಲ್ ಇರುವುದನ್ನು ಖಾತ್ರಿ ಮಾಡಿಕೊಂಡು ಕಾಸನ್ನು ಬಿಡಿಸಿಕೊಂಡು ಬರಬೇಕಾಯಿತು. ನಾನು ಕಳ್ಳನೆಂದು ಅವರೂ, ಅವರು ಕಳ್ಳಿಯೆಂದು ನಾನೂ ಒಂದೇ ಉಸಿರಿನಲ್ಲಿ ಘೋಷಿಸಿಕೊಂಡೆವು.

ಇಷ್ಟಾದ ಮೇಲೂ ಜಗಲಿಯಲ್ಲಿ ಇನ್ನೂ ಜನ ಕೂತಿದ್ದರು. ಕಾಸು ಮತ್ತೆ ಬೆರೆತುಹೋದರೆ? ಗುರುವಾರ ಅತ್ತೆಗೆ ಏನು ಹೇಳುವುದು? ಇಂಥ ಸಂದರ್ಭಕ್ಕೆಂದೇ ಇನ್ಸ್‌ಪೆಕ್ಷನ್ ಶಾಸ್ತ್ರದಲ್ಲಿ ಪರಿಹಾರವಿದೆ. ನಾವು ಮಾದರಿ ಎಂದು ಆರಿಸಿದ ಪೀಸು ಉಳಿದವುಗಳ ಜೊತೆ ಸೇರಬಾರದೆಂದು ಅದಕ್ಕೊಂದು ಗುರುತು ಹೊಡೆಯುತ್ತೇವೆ. ಉಕ್ಕಿನ ಮೊಳೆಯಂಥ ಒಂದು ಪಂಚ್, ತುದಿಯಲ್ಲಿ ನನ್ನದೇ ಆದ ನಕ್ಷತ್ರದ ಗುರುತು. ಅಂಥ ಹಳೇ ಪಂಚೊಂದು ನಮ್ಮ ಮನೆಯ ಟೂಲ್ ಬಾಕ್ಸಿನಲ್ಲಿತ್ತು.

ಗಿರಿಜ ಲೋಟ ತೊಳೆಯಲು ಒಳಗೆ ಹೋಗಿದ್ದಳು. ಕಾಸನ್ನು ಜಗಲಿಯ ಕಲ್ಲಿನ ಮೇಲಿಟ್ಟೆ. ಪಂಚ್ ಹಿಡಿದೆ. ಸುತ್ತಿಗೆ ಎತ್ತಿದೆ. ಠಣ್!

ರಾಜನ ಕೆನ್ನೆಯ ಮೇಲೆ ನಕ್ಷತ್ರ ಮೂಡಿತು. ಎಂಥ ಸ್ಪಷ್ಟ ಹೊಡೆತ, ಒಂದಿಷ್ಟೂ ಡಬಲ್ ಇಲ್ಲ! ಇನ್ನು ಈ ಪ್ರಪಂಚದ ಯಾವ ಕಾಸಿನ ಜೊತೆ ಬೆರೆತರೂ ಇದನ್ನು ಗುರುತು ಹಿಡಿಯಬಹುದು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಉಳಿದವರ ಕಾಸನ್ನೂ ನೋಡಿ ಮುಗಿಸಿದೆ. ಜೋಡಿ ಸಿಗಲಿಲ್ಲ. ಹೆಂಗಸರೆಲ್ಲ ನನಗೆ ಶಾಪ ಹಾಕುತ್ತಾ ಮನೆಗೆ ಹೋದರು.

ಗುರುವಾರ ಬೆಳಗ್ಗೆ ಗಿರಿಜ ನನ್ನ ಜೇಬಿನಿಂದ ಕಾಸು ತೆಗೆದಳು. ಎರಡು ಸಲ ತಿರುಗಿಸಿ ನೋಡಿದಳು.

“ರೀ! ಇದೇನಿದು ತಗ್ಗು?”

“ಅದಾ? ನನ್ನ ಗುರುತು. ಬೇರೆ ಕಾಸಿನ ಜೊತೆ ಸೇರ್ಬಾರ್ದು ಅಂತ.”

“ಮೊಳೆ ಹೊಡೆದ್ರಾ? ಲಕ್ಷ್ಮಿಗೆ ಮೊಳೆ ಹೊಡೆದ್ರಾ?”

“ಮೊಳೆ ಅಲ್ಲ ಕಣೇ, ಪಂಚು.”

ಅವಳು ಅಲ್ಲೇ ಮಂಚದ ಮೇಲೆ ಕೂತುಬಿಟ್ಟಳು. “ಮುಕ್ಕಾಗಿರೋದನ್ನ ಪೂಜೆಗಿಡ್ತಾರೇನ್ರೀ? ಬಿರುಕು ಬಿಟ್ಟ ಬಳೆ, ತುದಿ ಹರಿದ ವೀಳ್ಯದೆಲೆ, ಒಂದು ತೂತಿರೋ ಅಡಿಕೆ, ಇವ್ಯಾವ್ದನ್ನೂ ಅಮ್ಮ ದೇವರ ಮುಂದೆ ಇಡಕ್ಕೆ ಬಿಡಲ್ಲ. ಎಷ್ಟು ವರ್ಷದಿಂದ ನೋಡ್ತಿದೀರ. ಭಿನ್ನ ಆಗಿರೋ ಕಾಸನ್ನ ಕಲಶಕ್ಕೆ ಹಾಕ್ತಾರಾ? ಹೆಂಗ್ರೀ ಹೇಳ್ಲಿ ನಾನು ಅವರಿಗೆ?”

ನೋಡಿದ್ದೆ. ಪ್ರತಿ ವರ್ಷವೂ ನೋಡಿದ್ದೆ. ಅತ್ತೆ ಒಂದೊಂದು ವೀಳ್ಯದೆಲೆಯನ್ನೂ ಬೆರಳಲ್ಲಿ ಸವರಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಸರಿಸುವುದನ್ನು ನೋಡಿ ನಮ್ಮ ಫ್ಯಾಕ್ಟರಿಗೆ ಇಂಥವರು ಬೇಕು ಎಂದು ನಾನೇ ಹೇಳಿದ್ದೆ. ಆ ಹೊತ್ತಿಗೆ ಮಾತ್ರ ಅದು ತಲೆಗೆ ಬರಲಿಲ್ಲ. ಕೋಪ ತಲೆಯಲ್ಲಿದ್ದಾಗ ಬೇರೆ ಯಾವುದಕ್ಕೂ ಜಾಗ ಇರುವುದಿಲ್ಲ.

“ಸಾಯಂಕಾಲದೊಳಗೆ ಸರಿ ಮಾಡ್ತೀನಿ. ಅತ್ತೆಗೆ ಹೇಳ್ಬೇಡ” ಎಂದು ಸ್ಕೂಟರು ಹತ್ತಿದೆ. ದಾರಿಯುದ್ದಕ್ಕೂ ಮಂಜನಿಗೆ ಬೈದೆ, ವಿಡಿಯೋದವನಿಗೆ ಬೈದೆ, ಕಾಫಿ ಕುಡಿದ ಅಂಗಡಿಯವನಿಗೆ ಬೈದೆ, ಮಾಗಡಿ ರಸ್ತೆಯ ಸಿಗ್ನಲ್ಲಿಗೂ ಬೈದೆ. ಪಕ್ಕದಲ್ಲಿ ನಿಂತಿದ್ದ ಆಟೋದವರು “ಯಾರಿಗ್ ಸಾರ್ ಅಂತಿದೀರಾ?” ಎಂದು ಕೇಳಿದರು. ಅವರಿಗೂ ಸ್ವಲ್ಪ ಬೈದೆ.

ಫ್ಯಾಕ್ಟರಿಯಲ್ಲಿ ಬಫಿಂಗ್ ಚಕ್ರವಿದೆ. ಬಟ್ಟೆಯ ದಪ್ಪ ಚಕ್ರ, ಗಿರ್ರನೆ ತಿರುಗುತ್ತದೆ, ಮೇಣದಂಥ ಮಸಾಲೆ ಹಚ್ಚಿ ಲೋಹವನ್ನು ಒತ್ತಿದರೆ ಸಣ್ಣಪುಟ್ಟ ಗೀರು ಮಾಯ. ಬಫಿಂಗ್ ಮಾಡುವವನು ಹಬ್ಬಕ್ಕೆ ರಜೆ ಹಾಕಿದ್ದ. ಅವನಿಗೂ ಬೈದು ನಾನೇ ಚಕ್ರ ಚಾಲು ಮಾಡಿ ಕಾಸನ್ನು ಒತ್ತಿದೆ. ನಕ್ಷತ್ರ ಹೋಗಲಿಲ್ಲ. ಇನ್ನೊಂದು ಸ್ವಲ್ಪ ಒತ್ತಿದೆ. ರಾಜನ ಕಿವಿ ಹೋಯಿತು. ಇನ್ನೊಂದು ಸ್ವಲ್ಪ. ಮೂಗು ಹೋಯಿತು. ನಕ್ಷತ್ರ ಮಾತ್ರ ಹಾಗೇ ಮಿನುಗುತ್ತಿತ್ತು, ಎಷ್ಟಾದರೂ ನನ್ನ ಹೊಡೆತ! ಹಲ್ಲು ಕಚ್ಚಿಕೊಂಡು ಒತ್ತಿದೆ. ಕೊನೆಗೆ ನಕ್ಷತ್ರವೂ ಹೋಯಿತು, ಅದರ ಜೊತೆಯಲ್ಲಿ ರಾಜನೂ ಹೋದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ತಿರುಗಿಸಿ ನೋಡಿದರೆ ಒಂದು ಕಡೆ ಕನ್ನಡಿಯಂಥ ಹೊಳಪು, ಇನ್ನೊಂದು ಕಡೆ ಮಂಕು. ಫಿನಿಶಿಂಗ್ ಎರಡು ಕಡೆಯೂ ಒಂದೇ ಥರ ಇರಬೇಕೆಂಬುದು ಕ್ವಾಲಿಟಿಯ ನಿಯಮ. ಹೀಗಾಗಿ ಆ ಕಡೆಯನ್ನೂ ಒತ್ತಿದೆ! ಕೈ ತನ್ನಷ್ಟಕ್ಕೆ ತಾನೇ ಮಾಡಿಬಿಟ್ಟಿತು. ನೋಡುವಷ್ಟರಲ್ಲಿ ಅಕ್ಷರಗಳೂ ಇಲ್ಲ, ಅವುಗಳ ಜೋಡಿಯೂ ಇಲ್ಲ. ಅಂಗೈಯಲ್ಲಿ ನುಣ್ಣನೆಯ ಬಿಸಿ ತಾಮ್ರದ ಬಿಲ್ಲೆ. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ನೋಡಿಕೊಳ್ಳಲು ಇಷ್ಟವಾಗಲಿಲ್ಲ.

ಮತ್ತೆ ಆ ಮಹಡಿಯ ಮೆಟ್ಟಿಲು ಹತ್ತಿದೆ. ಅಂಗಡಿಯವರು ಅವತ್ತೂ ಕಾಫಿ ಕುಡಿಯುತ್ತಿದ್ದರು.

“ಜೋಡಿ ಸಿಕ್ತಾ ಸಾರ್?”

ಬಿಲ್ಲೆಯನ್ನು ಟೇಬಲ್ಲಿನ ಮೇಲಿಟ್ಟೆ. ಅವರು ಲೋಟ ಕೆಳಗಿಟ್ಟು, ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

“ಈಗ ಡಬಲ್ ಇಲ್ಲ ಸಾರ್” ಎಂದರು. ಆಮೇಲೆ, “ಸಿಂಗಲ್ಲೂ ಇಲ್ಲ.”

ಬೇರೆ ದಿನವಾಗಿದ್ದರೆ ಆ ಮಹಡಿಯಿಂದ ಇಬ್ಬರಲ್ಲಿ ಒಬ್ಬರೇ ಇಳಿಯುತ್ತಿದ್ದೆವು. ಅವತ್ತು ಮಾತ್ರ ಕೈಮುಗಿದು, ಅದೇ ರಾಜನ ಕಾಲಾಣೆ ಇನ್ನೊಂದಿದ್ದರೆ ಕೊಡಿ ಎಂದೆ. ಒಂದು ಡಬ್ಬ ತೆಗೆದರು. ಅದರ ತುಂಬ ಕಾಲಾಣೆಗಳು, ಯಾರೂ ಕೇಳದೆ ಬಿದ್ದಿದ್ದವು. ಒಂದನ್ನು ಆರಿಸಿಕೊಂಡೆ. ಲೆನ್ಸಲ್ಲಿ ನೋಡಿದೆ. ಎಲ್ಲ ಅಕ್ಷರವೂ ಒಂದೊಂದೇ, ನೇರ, ಸ್ಪಷ್ಟ. ಯಾವ ಇನ್ಸ್‌ಪೆಕ್ಟರೂ ತಪ್ಪು ಹೇಳಲಾರದಂಥ ಪೀಸು. ಅತ್ತೆಯ ಕಣ್ಣಿಗೆ ಹೇಗೂ ಸರಿಯಾಗಿ ಕಾಣುವುದಿಲ್ಲ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಮನೆಗೆ ಬಂದು, ಗಿರಿಜಳ ಕುಂಕುಮದ ಭರಣಿಯಿಂದ ಚಿಟಿಕೆ ತೆಗೆದು, ಅರಿಶಿನದ ಜೊತೆ ಕಲಸಿ, ಅಕ್ಷರದ ಸಂದುಗಳಿಗೆ ಬೆರಳಲ್ಲಿ ತುಂಬಿದೆ. ತಪ್ಪು ಹುಡುಕುವುದರಲ್ಲಿ ಜೀವನ ಕಳೆದವನು ಹೀಗೆ ಕಳ್ಳ ಮಾಲು ತಯಾರಿಸಲು ಕೂತೆ.

ಸಂಜೆ ದೇವರ ಮುಂದೆ ರಂಗೋಲಿ ಬಿಟ್ಟು, ಮಣೆ ಹಾಕಿ, ಅಕ್ಕಿ ಹರಡಿ ಅತ್ತೆ ಕಲಶ ಇಟ್ಟುಕೊಂಡು ಕೂತಿದ್ದರು. ಅಡಿಕೆ, ಅರಿಶಿನದ ಕೊಂಬು, ಖರ್ಜೂರ ಒಂದೊಂದನ್ನೂ ಬೆರಳಲ್ಲಿ ಸವರಿ ನೋಡಿ ಒಳಗೆ ಹಾಕುತ್ತಿದ್ದರು. ಹಬ್ಬಕ್ಕೆ ಬಂದಿದ್ದ ಮಂಜ ಬಾಳೆಕಂಬ ಕಟ್ಟುತ್ತಿದ್ದ.

“ಅಳಿಯಂದ್ರೇ, ಕಾಸು.”

ಕೊಟ್ಟೆ. ಅವರ ಹೆಬ್ಬೆರಳು ಕಾಸಿನ ಮೇಲೆ ಒಂದು ಸುತ್ತು ಬಂತು. ನಿಂತಿತು. ಮತ್ತೊಂದು ಸುತ್ತು ಬಂತು.

“ಇದು ನಂದಲ್ಲ.”

“ನಿಮ್ಮದೇ ಅತ್ತೆ. ಉಜ್ಜಿದೀನಿ, ಅದಕ್ಕೇ ಹಂಗನ್ಸುತ್ತೆ.”

“ನಂದು ಎಲ್ಲಿ?”

ಗಿರಿಜ ನನ್ನ ಕಡೆ ನೋಡಲಿಲ್ಲ. ಮಂಜ ಬಾಳೆಕಂಬದ ಹಿಂದೆ ಸರಿದು ನಿಂತ. ನಾನು ಜೇಬಿನಿಂದ ಆ ಬಿಲ್ಲೆ ತೆಗೆದು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳು ಈ ಕಡೆ ಸವರಿತು, ಆ ಕಡೆ ಸವರಿತು, ಅಂಚನ್ನು ಸವರಿತು. ಹಿಡಿಯಲು ಏನೂ ಸಿಗದೆ ಜಾರುತ್ತಿತ್ತು.

“ನಮ್ಮಮ್ಮಂಗೆ ಓದು ಬರ್ತಿರ್ಲಿಲ್ಲ” ಎಂದರು ಅತ್ತೆ, ಯಾರಿಗೆಂದಿಲ್ಲದೆ. “ಗಂಡನ ಮನೇಲಿ ಬೇರೆಯೋರ ಕಾಸು ನಿನ್ನ ಕೈಗೆ ಬಂದ್ರೆ ಹೆಂಗೆ ಗೊತ್ತಾಗ್ಬೇಕು ಅಂತ, ನನ್ನ ಬೆರಳು ಹಿಡ್ಕೊಂಡು ಇದರ ಮೇಲೆ ಆಡ್ಸಿದ್ಲು. ಇಲ್ಲಿ ಅಕ್ಷರ ಎರಡೆರಡು ಬಿದ್ದಿದೆ, ಕೈಗೆ ತಗಲುತ್ತೆ ನೋಡು, ಇದು ನಿಂದು ಅಂದ್ಲು. ಪ್ರತಿ ಹಬ್ಬಕ್ಕೂ ಮುಟ್ಟಿ ನೋಡಿ ಹಾಕ್ತಿದ್ದೆ. ಕಣ್ಣು ಹೋದ್ಮೇಲೂ ಸಿಗ್ತಿತ್ತು.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಚೀರಾಡಿದ್ದರೆ ನಾನೂ ಚೀರಾಡಿ ಹೇಗೋ ಪಾರಾಗುತ್ತಿದ್ದೆ. ಕೋಪಕ್ಕೆ ಕೋಪ ಕೊಟ್ಟು ನನಗೆ ಅಭ್ಯಾಸವಿದೆ, ಇದಕ್ಕೆ ಏನು ಕೊಡಬೇಕೆಂದು ಗೊತ್ತಿರಲಿಲ್ಲ. ಬಾಯಿಗೆ ಬಂದಿದ್ದನ್ನು ಹೇಳಿದೆ. “ಅದು ಬೆಲೆ ಬಾಳೋ ಡಬಲ್ ಆಗಿರ್ಲಿಲ್ಲ ಅತ್ತೆ. ಅಂಗಡಿಯವರೇ ಹೇಳಿದ್ರು.”

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಬಾಳೆಕಂಬದ ಹಿಂದಿನಿಂದ ಮಂಜ “ಅಯ್ಯೋ ಭಾವ” ಎಂದು ಮೆಲ್ಲಗೆ ಅಂದಿದ್ದು ಕೇಳಿಸಿತು.

ಅತ್ತೆ ಬಿಲ್ಲೆಯನ್ನು ನನ್ನ ಕೈಗೆ ವಾಪಸು ಕೊಟ್ಟರು. ಅಂಗಡಿಯಿಂದ ತಂದ ಕಾಲಾಣೆಯನ್ನೂ ಕೊಟ್ಟರು. “ಗಿರಿಜಾ, ಡಬ್ಬೀಲಿರೋ ಒಂದು ರೂಪಾಯಿ ಕೊಡು. ಈ ಸಲ ಅದೇ ಹಾಕೋಣ” ಎಂದರು. ಅದನ್ನೂ ಸವರಿ ನೋಡಿ, ಕಲಶದೊಳಗೆ ಬಿಟ್ಟು, ಮಾವಿನೆಲೆ ಜೋಡಿಸಿ ತೆಂಗಿನಕಾಯಿ ಕೂರಿಸಿದರು. ಎಲ್ಲ ಆದ ಮೇಲೆ ನನ್ನ ಕಡೆಗೆ ಮುಖ ತಿರುಗಿಸಿದರು.

“ಅಳಿಯಂದ್ರೇ, ನಿಮ್ಮ ಫ್ಯಾಕ್ಟ್ರೀಲಿ ಒಂದು ಸಾಮಾನು ಹಿಂಗಾದ್ರೆ ಏನಂತೀರಿ?”

“ರಿಜೆಕ್ಟ್ ಅಂತೀವಿ.”

“ಹಂಗೆ ಮಾಡ್ದೋನಿಗೆ?”

“ಬೈತೀವಿ, ಅತ್ತೆ.”

“ಸರಿ ಹಂಗಾದ್ರೆ, ನೀವೇ ಬೈಕೊಳಿ. ನಂಗೆ ಹೂರಣ ರುಬ್ಬೋದಿದೆ.”

ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಅವರ ಹಿಂದೆ ಗಿರಿಜ ಹೋದಳು. ಮಂಜನೂ ಬಾಳೆಕಂಬ ಬಿಟ್ಟು ಹೋದ. ನಾನು ಜಗಲಿಗೆ ಬಂದು ಕೂತು ಬೈಯಲು ಶುರು ಮಾಡಿದೆ. ಇಷ್ಟು ವರ್ಷಗಳ ಅನುಭವ; ಮನಸ್ಸಿಟ್ಟು, ಒಂದು ಪದವನ್ನೂ ಬಿಡದೆ, ಫ್ಯಾಕ್ಟರಿಯಲ್ಲಿ ಬೈಯುವುದಕ್ಕಿಂತ ಚೆನ್ನಾಗಿಯೇ ಬೈದೆ. ನನ್ನ ಸರ್ವಿಸ್ಸಿನಲ್ಲೇ ಮೊದಲ ಸಲ, ಬೈಸಿಕೊಂಡವನು ಒಂದಕ್ಕೂ ಎದುರು ಮಾತಾಡಲಿಲ್ಲ.